ಬಾಟಲಿಯ ತಳದಲ್ಲಿ ಮಿಕ್ಕದ್ದು

ನವೆಂಬರ್ 3, ಸೋಮವಾರ

ಕೊನೆಗೂ ನನ್ನ ಮಾತು ನಡೆಯಿತು. ಇಷ್ಟು ವರ್ಷ ನಾನು ಬಾಯಿ ಬಡಿದುಕೊಂಡದ್ದೆಲ್ಲ ಗೋಡೆಗೆ ಹೇಳಿದ ಹಾಗಾಗಿತ್ತು. ಈಗ ಊರಲ್ಲೆಲ್ಲೂ ಡೈ ಸಿಗದೆ ಬುಡಕ್ಕೆ ಬಿಸಿ ತಟ್ಟಿದ ಮೇಲೆ ಎಲ್ಲರಿಗೂ ಸಿ.ಟಿ. ಸ್ಕ್ಯಾನಿನ ಪಂಢರಿನಾಥ ನೆನಪಾಗಿದ್ದಾನೆ. ಸೂಪರಿಂಟೆಂಡೆಂಟ್ ಡಾಕ್ಟರ್ ಉದಯ್ ಮೀಟಿಂಗಿನಲ್ಲಿ ಎಲ್ಲರೆದುರಿಗೆ ತಮಿಳಿನಲ್ಲಿ, "ಪಂಢರಿ ಸಾರ್, ಇನಿಮೇ ನೀಂಗ ದಾನ್ ಇನ್‌ಚಾರ್ಜ್" ಎಂದರು. ಇನ್ನು ಮೇಲೆ ನಾನೇ ಯಜಮಾನ, ಒಂದು ಹನಿ ಡೈ ಬೇಕೆಂದರೂ ನನ್ನನ್ನು ಕೇಳಬೇಕು. ಬೀರುವಿನ ಕೀಲಿಕೈ ನನ್ನ ಜೇಬಿನಲ್ಲಿದೆ.

ಮನೆಗೆ ಬಂದು ಹೇಳಿದರೆ ಜಯಲಕ್ಷ್ಮೀ, "ಏನೂಂದ್ರೆ, ಡೈ ಅಂದ್ರೆ ಬಟ್ಟೆಗೆ ಹಾಕೋ ಬಣ್ಣಾನಾ?" ಎಂದಳು. ಮದುವೆಯಾಗಿ ಇಪ್ಪತ್ತಾರು ವರ್ಷ, ಗಂಡನ ಕೆಲಸ ಇಷ್ಟು ತಿಳಿದಿದೆ ಮಹಾರಾಯಿತಿಗೆ. ಕೂರಿಸಿಕೊಂಡು ಹೇಳಿದೆ. ಸ್ಕ್ಯಾನ್ ಮಾಡುವಾಗ ಕೈಯ ನರದಲ್ಲಿ ಈ ಔಷಧಿ ಬಿಡುತ್ತೇವೆ. ಬಿಡದಿದ್ದರೆ ಹೊಟ್ಟೆಯೊಳಗಿನದೆಲ್ಲ ಒಂದೇ ಬೂದಿ ಮುದ್ದೆ. ಬಿಟ್ಟರೆ ರಕ್ತನಾಳಗಳೆಲ್ಲ ಬೆಳ್ಳಗೆ ಎದ್ದು ಬರುತ್ತವೆ, ಗೆಡ್ಡೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಇಂಥ ಪದಾರ್ಥವನ್ನು ನಮ್ಮವರು ರೋಗಿ ಮೇಜಿನ ಮೇಲೆ ಬರುವ ಮೊದಲೇ ಇಂಜೆಕ್ಟರಿಗೆ ತುಂಬಿಟ್ಟುಕೊಳ್ಳುವುದು, ಆಮೇಲೆ ನರ ಸಿಗಲಿಲ್ಲ, ಕಿಡ್ನಿ ರಿಪೋರ್ಟು ಸರಿಯಿಲ್ಲ ಎಂದು ಪೂರ್ತಿ ಸಿಂಕಿಗೆ ಸುರಿಯುವುದು! ಮಗುವಿಗೂ ಅದೇ ಅಳತೆ, ಪೈಲ್ವಾನನಿಗೂ ಅದೇ ಅಳತೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಇನ್ನು ಅದೆಲ್ಲ ನಡೆಯದು. ಸೂಜಿ ನರದಲ್ಲಿ ನಿಂತ ಮೇಲೇ ಡೈ ತುಂಬಬೇಕು. ಎಷ್ಟು ಬಿಡಬೇಕೆಂಬುದು ಅವರವರ ತೂಕದ ಮೇಲೆ. ಅರ್ಜೆಂಟಲ್ಲದವರಿಗೆಲ್ಲ ಮಂಗಳವಾರ, ಶುಕ್ರವಾರ ಮಾತ್ರ. ಆರು ಜನ ಸೇರಿದ ಮೇಲೇ ದೊಡ್ಡ ಬಾಟಲಿ ಒಡೆಯುವುದು, ಯಾಕೆಂದರೆ ಒಡೆದದ್ದು ಸಂಜೆಯೊಳಗೆ ಮುಗಿಯಬೇಕು. ತೂಕದ ಯಂತ್ರ ಕೆಟ್ಟು ಕೂತಿದೆ, ಹೊಸದಕ್ಕೆ ಬರೆದುಕೊಟ್ಟಿದ್ದೇನೆ. ಅಲ್ಲಿಯವರೆಗೆ ನನ್ನ ಕಣ್ಣೇ ತಕ್ಕಡಿ. ಮೂವತ್ತು ವರ್ಷ ಜನರನ್ನು ಆ ಮೇಜಿನ ಮೇಲೆ ಮಲಗಿಸಿದವನಿಗೆ ಯಾರು ಎಷ್ಟು ಕಿಲೋ ಎಂದು ಗೊತ್ತಾಗುವುದಿಲ್ಲವೇ?

ಎಲ್ಲ ಕೇಳಿ ಜಯಲಕ್ಷ್ಮೀ ಅಂದದ್ದು: "ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿ ಒಳಗೆಲ್ಲ ಗೀರೋ ಬುದ್ಧೀನ ಆಸ್ಪತ್ರೆಗೂ ತಗೊಂಡು ಹೋದ್ರಾ? ಪಾಪ, ಅಲ್ಲಿಯೋರು." ನಗಲಿ. ನನಗೆ ಇವತ್ತು ನಿದ್ದೆ ಚೆನ್ನಾಗಿ ಬರುತ್ತದೆ.

ನವೆಂಬರ್ 7, ಶುಕ್ರವಾರ

ಆರು ಜನ, ಒಂದು ಬಾಟಲಿ. ಕೊನೆಯವರು ಎದ್ದು ಹೋದ ಮೇಲೆ ಬಾಟಲಿ ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಒಂದು ತೊಟ್ಟು ಬೀಳಲಿಲ್ಲ. ಜೂನಿಯರ್ ವಿಘ್ನೇಶನ ಮುಖದ ಮುಂದೆ ಹಿಡಿದು, "ನೋಡಪ್ಪಾ, ಹೀಗಿರಬೇಕು" ಎಂದೆ. ಅವನು ಹಲ್ಲು ಕಿರಿದ. ಕಾಯುವವರು ಸ್ವಲ್ಪ ಗೊಣಗುತ್ತಾರೆ. ಗೊಣಗಲಿ, ಮದುವೆ ಊಟಕ್ಕೂ ಪಂಕ್ತಿ ಕಾಯುವುದಿಲ್ಲವೇ?

ನವೆಂಬರ್ 11, ಮಂಗಳವಾರ

ಬೆಳಿಗ್ಗೆ ನರ್ಸ್ ಓಡಿಬಂದು, ಒಬ್ಬ ಅಜ್ಜಿಗೆ ತಮಿಳು ಒಂದಕ್ಷರ ಬರುವುದಿಲ್ಲ, ನೀವು ಬಂದು ಮಾತಾಡಿ ಎಂದಳು. ಹೋಗಿ ನೋಡಿದರೆ ಮಳವಳ್ಳಿ ಕಡೆಯ ಮುದುಕಿ. ಪುಟ್ಟತಾಯಮ್ಮ. ಮಗ ರವಿಕಿರಣ್ ಬ್ಯಾಂಕಿನಲ್ಲಿ ಆಫೀಸರು, ವರ್ಗವಾಗಿ ಇಲ್ಲೇ ಪೋರೂರಿಗೆ ಬಂದಿದ್ದಾನೆ. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಆಕೆ ನನ್ನ ಕೈ ಹಿಡಿದುಕೊಂಡುಬಿಟ್ಟರು.

"ನೀನ್ ನಮ್ಮೋನಾ ಮಗಾ? ಎಲ್ಲಿದ್ದೆ ಇಷ್ಟೊತ್ತು? ಇವ್ರು ಬಾಯ್ ಬಡ್ಕತಾ ಅವ್ರೆ, ನಂಗೊಂದೂ ತಿಳೀದು. ನಾನೂ ತಲೆ ಆಡುಸ್ತಾನೇ ಇವ್ನಿ."

ನಮ್ಮ ತಾತನ ಕಾಲದಲ್ಲೇ ರೈಲ್ವೇ ಕೆಲಸಕ್ಕೆಂದು ಇಲ್ಲಿಗೆ ಬಂದೆವು ಎಂದೆ. "ಅದ್ಕೇ ನಿನ್ ಕನ್ನಡ ವಸಿ ಒಣಕ್ಲಾಗದೆ" ಎಂದರು! ನಗು ಬಂತು.

ವಿಷಯ ಮಾತ್ರ ನಗುವಂಥದ್ದಲ್ಲ. ಪಿತ್ತಜನಕಾಂಗದ ಬಲಭಾಗದಲ್ಲಿ ಗೆಡ್ಡೆ. ಪಕ್ಕದ ದೊಡ್ಡ ರಕ್ತನಾಳಕ್ಕೆ ಅದು ಇನ್ನೂ ಹೋಗಿಲ್ಲ ಎಂದಾದರೆ ಸರ್ಜನ್ ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಆಕೆ ಬದುಕುತ್ತಾರೆ. ಹೋಗಿದ್ದರೆ ಕತ್ತಿ ಮುಟ್ಟುವ ಹಾಗಿಲ್ಲ. ಅದನ್ನು ನೋಡುವುದಕ್ಕೇ ನಮ್ಮ ಸ್ಕ್ಯಾನು. ಹೊಟ್ಟೆಯಲ್ಲಿ ಗಾಳಿ ತುಂಬಿ ಅಲ್ಟ್ರಾಸೌಂಡಿನಲ್ಲಿ ಕಾಣಲಿಲ್ಲವಂತೆ. ಎದೆಯಲ್ಲಿ ಹಳೆಯ ಪೇಸ್‌ಮೇಕರ್ ಇರುವುದರಿಂದ ಎಮ್.ಆರ್.ಐ. ಮಾಡುವಂತಿಲ್ಲ.

ಆರನೆಯವರಾಗಿ ಅವರನ್ನು ಬರೆದುಕೊಂಡಿದ್ದೆ. ಅಷ್ಟರಲ್ಲಿ ಬೈಕಿನಿಂದ ಬಿದ್ದವನೊಬ್ಬನನ್ನು ಹೊತ್ತು ತಂದರು, ಆರನೆಯ ಪಾಲು ಅವನಿಗೆ ಹೋಯಿತು. ಬೆಳಿಗ್ಗೆಯಿಂದ ಉಪವಾಸ ಕೂತಿದ್ದ ಆಕೆಗೆ ಶುಕ್ರವಾರ ಬನ್ನಿ ಎಂದು ಹೇಳಲು ನನಗೆ ಸಂಕೋಚವಾಯಿತು. ಆಕೆಯೇ ಸಮಾಧಾನ ಹೇಳಿದರು: "ನಾಕ್ ದಿನದಲ್ಲೇನಾಯ್ತದೆ ಬುಡಪ್ಪಾ. ಒಲೆ ಮ್ಯಾಲೆ ಅನ್ನ ಇಟ್ಟು ಬಂದಿದ್ದೀನಾ?" ಒಂದು ಬಾಟಲಿ ಆರು ಜನಕ್ಕೆ ಹಂಚುವ ಲೆಕ್ಕ ಹೇಳಿದಾಗ, "ಸರ್ಯಾಗದೆ ಕಣಪ್ಪಾ. ನಾನೂ ಒಂದ್ ಕಾಯ್ ಒಡುದ್ರೆ ಮೂರ್ ದಿನದ್ ಸಾರಿಗೆ ಮಾಡ್ತೀನಿ. ನನ್ ಸೊಸೆಗೆ ಯೋಳು ಇದ್ನ" ಎಂದು ಹಿಂದೆ ನಿಂತಿದ್ದ ಸೊಸೆ ರಚನಾಳ ಕಡೆ ಕಣ್ಣು ಮಿಟುಕಿಸಿದರು.

ಅಂತೂ ಈ ಊರಿನಲ್ಲಿ ನನ್ನನ್ನು ಅರ್ಥ ಮಾಡಿಕೊಂಡವರು ಒಬ್ಬರು ಸಿಕ್ಕಿದರು.

ನವೆಂಬರ್ 14, ಶುಕ್ರವಾರ

ಇವತ್ತೂ ಬಾಟಲಿಯಲ್ಲಿ ಏನೂ ಮಿಗಲಿಲ್ಲ. ಆದರೆ ಸ್ವಲ್ಪ ಎಳೆದಾಡಬೇಕಾಯಿತು.

ಐದನೆಯವನು ಆನೆಮರಿ. ನಾನೆಣಿಸಿದ್ದಕ್ಕಿಂತ ಜಾಸ್ತಿಯೇ ಕುಡಿದುಬಿಟ್ಟ. ಕೊನೆಗೆ ಪುಟ್ಟತಾಯಮ್ಮ. ಬಾಟಲಿಯ ತಳದಲ್ಲಿ ಮಿಕ್ಕದ್ದನ್ನು ವಿಘ್ನೇಶ್ ಎತ್ತಿ ನೋಡಿ, "ಕಮ್ಮಿ ಇರುಕ್ಕು ಸಾರ್. ಇನ್ನೊರು ಬಾಟಿಲ್ ಓಪನ್ ಪಣ್ಣಟ್ಟುಮಾ?" ಎಂದ. ಒಂದು ಗುಟುಕಿಗಾಗಿ ಇನ್ನೊಂದು ಬಾಟಲಿ ಒಡೆದರೆ ಮಿಕ್ಕ ಅಷ್ಟೂ ಸಂಜೆಗೆ ಸಿಂಕಿನ ಪಾಲು. ಉಳಿದಿರುವುದೇ ಬೆರಳೆಣಿಕೆಯಷ್ಟು. ಮುದುಕಿಯನ್ನು ನೋಡಿದೆ. ಕೆನ್ನೆ ಒಳಗೆ ಹೋಗಿದೆ, ಕೈ ಕಡ್ಡಿ. ನಲವತ್ತು ಕಿಲೋ ದಾಟುವುದಿಲ್ಲ ಎಂದು ನನ್ನ ಕಣ್ಣು ಹೇಳಿತು. ನಲವತ್ತು ಕಿಲೋಗೆ ಅಲ್ಲಿದ್ದದ್ದು ದೇವರೇ ಅಳೆದಿಟ್ಟ ಹಾಗಿತ್ತು. ಬೇಡ, ಸಾಕು ಎಂದೆ.

ಯಂತ್ರದ ದನಿ ತಮಿಳಿನಲ್ಲಿ ಉಸಿರು ಹಿಡಿಯಲು ಹೇಳುತ್ತದೆ, ಆಕೆಗೆ ತಿಳಿಯದು. ಅದಕ್ಕೆ ನಾನೇ ಮೈಕಿನಲ್ಲಿ, "ಅಮ್ಮಾ, ಉಸಿರು ಹಿಡ್ಕೊಳ್ಳಿ... ಈಗ ಬಿಡಿ" ಎಂದೆ. ಎದ್ದ ಮೇಲೆ, "ಮೈಯೆಲ್ಲ ಬೆಚ್ಗಾಯ್ತು ಕಣ್ ಮಗಾ, ಎಣ್ಣೆ ನೀರ್ ಹಾಕ್ದಂಗೆ" ಎಂದರು. ಮುಂದಿನ ವಾರ ಆಪರೇಷನ್ ಆದರೆ ಸಂಕ್ರಾಂತಿಗೆ ಊರಲ್ಲಿರುತ್ತೇನೆ ಎಂದು ಲೆಕ್ಕ ಹಾಕುತ್ತ ಹೋದರು.

ಡಾಕ್ಟರ್ ಉದಯ್ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಹಾಕಿ ಚಪ್ಪಾಳೆ ಚಿತ್ರ ಕಳಿಸಿದ್ದಾರೆ. ಮಗಳು ಪಾವನಾಗೆ ತೋರಿಸಿದೆ. "ಸೂಪರ್ ಪಾ" ಎಂದಳು. ಈ ಹುಡುಗಿಯ ಬಾಯಲ್ಲಿ ಕನ್ನಡ ಬರುವ ಹೊತ್ತಿಗೆ ನಾನು ರಿಟೈರ್ ಆಗಿರುತ್ತೇನೆ.

ನವೆಂಬರ್ 15, ಶನಿವಾರ

ರೇಡಿಯಾಲಜಿಸ್ಟ್ ಡಾಕ್ಟರ್ ಶಾಲಿನಿ ಕರೆದರು. ಪರದೆಯ ಮೇಲೆ ಪುಟ್ಟತಾಯಮ್ಮನವರ ಸ್ಕ್ಯಾನು ಇತ್ತು. ಅವರು ಪೆನ್ನಿನ ತುದಿ ಇಟ್ಟು ತೋರಿಸಿದರು. ರಕ್ತನಾಳ ಇರಬೇಕಾದ ಕಡೆ ಬೂದಿ, ಅದರ ಪಕ್ಕ ಇನ್ನೊಂದು ಬೂದಿ. ಗೆಡ್ಡೆ ಎಲ್ಲಿ ಮುಗಿಯಿತು, ನಾಳ ಎಲ್ಲಿ ಶುರುವಾಯಿತು, ಹೇಳುವ ಹಾಗಿಲ್ಲ. "ಇದರ ಮೇಲೆ ನಾನು ಸಹಿ ಹಾಕೋದಿಲ್ಲ ಪಂಢರಿ ಸಾರ್. ರಿಪೀಟ್ ಮಾಡಿ" ಎಂದರು.

ಆಕೆಯ ಹೃದಯ ನಿಧಾನ, ಪೇಸ್‌ಮೇಕರ್ ಇದೆ, ಡೈ ತಲುಪುವುದು ತಡವಾಗಿರಬಹುದು ಎಂದೆ. ಆಗಬಹುದಲ್ಲ? ಅಂಥವರಲ್ಲಿ ಹಾಗಾಗುತ್ತದೆ. ನಾನು ಸುಳ್ಳೇನೂ ಹೇಳಲಿಲ್ಲ.

ಮಂಗಳವಾರಕ್ಕೆ ಮೊದಲನೆಯವರಾಗಿ ಬರೆದುಕೊಂಡಿದ್ದೇನೆ.

ನವೆಂಬರ್ 18, ಮಂಗಳವಾರ

ಭಾನುವಾರದ ರಜೆ ಮುಗಿಸಿ ನಿನ್ನೆ ಬಂದು ನೋಡಿದರೆ ಬೀರು ಖಾಲಿ. ಭಾನುವಾರ ಹೈವೇಯಲ್ಲಿ ವ್ಯಾನು ಮಗುಚಿ, ಆಫೀಸಿನಲ್ಲಿರುವ ಇನ್ನೊಂದು ಕೀಲಿಯಿಂದ ಬೀರು ತೆಗೆದು ಬಂದವರಿಗೆಲ್ಲ ಕೊಟ್ಟಿದ್ದಾರೆ. ಎಮರ್ಜೆನ್ಸಿಗೆಂದು ಬೇರೆ ಇಟ್ಟ ಎರಡು ಬಾಟಲಿ ಬಿಟ್ಟರೆ ಏನೂ ಇಲ್ಲ. ಹೊಸದು ಎಂದು ಬರುತ್ತದೆ ಎಂದರೆ ಕಂಪನಿಯವನು, "ಆನ್ ದಿ ವೇ ಸಾರ್" ಎನ್ನುತ್ತಾನೆ. ಎರಡು ತಿಂಗಳಿಂದ ಅದು ಆನ್ ದಿ ವೇ.

ಡಾಕ್ಟರ್ ಉದಯ್ ಹತ್ತಿರ ಹೋಗಿ, ಒಂದೇ ಒಂದು ಕೇಸಿಗೆ ಎಮರ್ಜೆನ್ಸಿ ಬಾಟಲಿ ಒಡೆಯಲು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ರೂಲ್ ಮಾಡಿದ್ದೇ ನೀವು ಸಾರ್. ನಿಮಗೇ ಒಂದು, ಬೇರೆಯವರಿಗೆ ಒಂದಾ? ರಾತ್ರಿ ಯಾರಿಗಾದ್ರೂ ಸ್ಟ್ರೋಕ್ ಆಗಿ ಬಂದ್ರೆ ಏನು ಹೇಳ್ಲಿ?" ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಪುಟ್ಟತಾಯಮ್ಮ ರಕ್ತ ಪರೀಕ್ಷೆಗೆ ಬಂದಿದ್ದರು. ಹೊಸ ತೂಕದ ಯಂತ್ರ ನಿನ್ನೆಯೇ ಬಂದಿದೆ, ಸುಮ್ಮನೆ ನಿಲ್ಲಿಸಿದೆ. ಐವತ್ತಮೂರು. ಹೊಸ ಯಂತ್ರ, ಜಾಸ್ತಿ ತೋರಿಸುತ್ತಿರಬೇಕು ಎಂದುಕೊಂಡು ವಿಘ್ನೇಶನನ್ನು ನಿಲ್ಲಿಸಿದೆ. ಸರಿಯಾಗಿಯೇ ತೋರಿಸಿತು. ಆಕೆ ಸೀರೆಯ ನೆರಿಗೆ ಸ್ವಲ್ಪ ಎತ್ತಿದಾಗ ನೋಡಿದೆ: ಕಾಲು ಎರಡೂ ಊದಿ ಕಂಬದ ಹಾಗಾಗಿವೆ. ಮುಖವನ್ನೂ ಕೈಯನ್ನೂ ನೋಡಿದವನು ಕಾಲು ನೋಡಿರಲಿಲ್ಲ.

"ಏನ್ ಮಗಾ, ದಪ್ಪಗಾಗಿದ್ದೀನಾ?" ಎಂದು ಕೇಳಿದರು. ಇಲ್ಲಮ್ಮಾ ಎಂದೆ.

ನವೆಂಬರ್ 21, ಶುಕ್ರವಾರ

ಡೈ ಬರಲಿಲ್ಲ.

ನವೆಂಬರ್ 24, ಸೋಮವಾರ

ರಜೆ ಹಾಕಿದೆ. ಅಣ್ಣಾ ನಗರದಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಎರಡು ಸ್ಕ್ಯಾನ್ ಸೆಂಟರಿಗೆ ಹೋಗಿ ಕೇಳಿದೆ. ಒಬ್ಬ ನನ್ನ ಹಳೆಯ ಶಿಷ್ಯನೇ. ಕಾಫಿ ಕೊಟ್ಟ, ಡೈ ಇಲ್ಲ ಎಂದ. ಇನ್ನೊಂದು ಕಡೆ ಕಾಫಿಯೂ ಇಲ್ಲ.

ಆಮೇಲೆ ಹುಚ್ಚನ ಹಾಗೆ ಎಣ್ಣೂರಿನ ಕಡೆ ಹೊರಟೆ. ಕಂಪನಿಯ ಗೋಡೌನು ಆ ದಾರಿಯಲ್ಲಿದೆ. ಬಂದರಿಗೆ ಹೋಗುವ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಆಟೋ ಹುಡುಗ ನಡುದಾರಿಯಲ್ಲೇ ಇಳಿಸಿ ಹೋದ. ಮಳೆ ನೀರು, ಕರಿ ಬೂದಿ, ಪ್ಯಾಂಟು ಮೊಣಕಾಲವರೆಗೆ ಕೆಸರು. ಗೋಡೌನಿನ ಗೇಟಿನಲ್ಲಿ ವಾಚ್‌ಮನ್ ನನ್ನ ಆಸ್ಪತ್ರೆಯ ಕಾರ್ಡು ತಿರುಗಿಸಿ ತಿರುಗಿಸಿ ನೋಡಿ, "ಕಪ್ಪಲೇ ವರಲೆ ಸಾರ್" ಎಂದ. ಹಡಗೇ ಬಂದಿಲ್ಲ. ಅವನೇನು ಮಾಡಿಯಾನು. ಬಾಗಿಲ ಸಂದಿನಿಂದ ಒಳಗೆ ಇಣುಕಿದೆ. ಬರೀ ಖಾಲಿ ಹಲಗೆಗಳು. ಐವತ್ತಾರು ವರ್ಷದ ಗಂಡಸು, ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಅಳು ಬಂತು ಎಂದೇ ಬರೆಯುತ್ತೇನೆ, ಇದನ್ನು ಯಾರು ಓದುತ್ತಾರೆ?

ಮನೆಗೆ ಬಂದರೆ ಜಯಲಕ್ಷ್ಮೀಯದು ಬೇರೆ ರಾಗ. ಬೆಳಿಗ್ಗೆ ನಾನು ಹೋಗುವಾಗ ಫ್ಯಾನು, ಗೀಸರು, ದೀಪ ಎಲ್ಲ ಹಾಕಿಯೇ ಹೋಗಿದ್ದೆನಂತೆ. "ನಿಮಗೆ ಮೈಯಲ್ಲಿ ಹುಷಾರಿದೆ ತಾನೇ?" ಎಂದು ಹಣೆ ಮುಟ್ಟಿ ನೋಡುತ್ತಾಳೆ. ಈ ಹೆಂಗಸಿಗೆ ಎಲ್ಲದಕ್ಕೂ ಗಾಬರಿ.

ನವೆಂಬರ್ 28, ಶುಕ್ರವಾರ

ದೊಡ್ಡ ಹೋಟೆಲು. ಬೇರೆ ಬೇರೆ ಆಸ್ಪತ್ರೆಗಳಿಂದ ಜನ ಬಂದಿದ್ದರು. 'ಸ್ಕ್ಯಾನಿಂಗ್ ಸಾಮಗ್ರಿ ಪೋಲಾಗದಂತೆ ಬಳಸುವುದು ಹೇಗೆ' ಎಂದು ನಾನು ಮಾತಾಡಬೇಕು. ಡಾಕ್ಟರ್ ಉದಯ್ ಒಪ್ಪಿಕೊಂಡು ಎರಡು ವಾರವಾಗಿತ್ತು, ಬಿಡಿಸಿಕೊಳ್ಳಲಾಗಲಿಲ್ಲ.

ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನಂತೆ. ಮೊದಲು ಎಷ್ಟು ಚೆಲ್ಲುತ್ತಿದ್ದೆವು, ಈಗ ಏನೂ ಇಲ್ಲ ಎಂದು ಪರದೆಯ ಮೇಲೆ ಗೆರೆ ಕೆಳಗಿಳಿಯುವುದನ್ನು ತೋರಿಸಿದಾಗ ಚಪ್ಪಾಳೆ. ಕೊನೆಗೆ ಒಬ್ಬ ಹೆಣ್ಣುಮಗಳು, ತೀರಾ ಚಿಕ್ಕವಳು, ಎದ್ದು ನಿಂತು ಕೇಳಿದಳು: "ಸರ್, ಡೋಸ್ ಕಡಿಮೆ ಮಾಡಿದ್ದರಿಂದ ಯಾರದಾದ್ರೂ ಸ್ಕ್ಯಾನ್ ಕೆಟ್ಟಿತಾ? ಯಾರಿಗಾದ್ರೂ ತೊಂದರೆ ಆಯ್ತಾ?"

ಡಾಕ್ಟರ್ ಉದಯ್ ಮುಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

ಇಲ್ಲ ಎಂದೆ.

ಶಾಲು ಹೊದಿಸಿದರು. ಊಟಕ್ಕೆ ಏಳೆಂಟು ತರಹ ಇತ್ತು, ತಟ್ಟೆ ಹಿಡಿದು ನಿಂತೆ, ತಿನ್ನಲಾಗಲಿಲ್ಲ. ಮನೆಯಲ್ಲಿ ಪಾವನಾ ತಟ್ಟೆ ಹಾಕಿಕೊಂಡು ಬಂದು, "ಸಾಪ್ಪಿಡುಂಗ ಪಾ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು. ಎರಡು ತುತ್ತು ತಿಂದೆ. ಹೋಟೆಲಿನಲ್ಲಿ ಆ ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಡಿಸೆಂಬರ್ 2, ಮಂಗಳವಾರ

ರವಿಕಿರಣ್ ಒಬ್ಬನೇ ಬಂದಿದ್ದ. ಅಮ್ಮನ ಕಣ್ಣು ಹಳದಿಯಾಗಿದೆ, ಅನ್ನ ಸೇರುತ್ತಿಲ್ಲ, ಸರ್ಜನ್ ಸ್ಕ್ಯಾನಿಲ್ಲದೆ ಮುಟ್ಟುವುದಿಲ್ಲ ಎನ್ನುತ್ತಾರೆ. ಬಹಳ ಮರ್ಯಾದಸ್ಥ ಹುಡುಗ, ಇಷ್ಟು ದಿನ ದನಿ ಏರಿಸಿದವನಲ್ಲ. ಇವತ್ತು ಕೌಂಟರಿನ ಮೇಲೆ ಕೈ ಬಡಿದ.

"ಕಾಯಿ ಅಂದ್ರಿ, ಕಾದ್ವಿ. ಮಾಡಿದ್ರಿ, ಸರಿಯಾಗಿ ಬರ್ಲಿಲ್ಲ ಅಂದ್ರಿ. ಮತ್ತೆ ಕಾಯಿ ಅಂದ್ರಿ. ನೀವೇ ಅಲ್ವಾ ಸಾರ್ ಇನ್‌ಚಾರ್ಜು? ನಿಮ್ಮ ಹತ್ರ ಒಂದೇ ಒಂದು ಬಾಟಲಿ ಇಲ್ವಾ? ನಿಮ್ಮ ತಾಯಿ ಆಗಿದ್ರೆ ಏನ್ ಮಾಡ್ತಿದ್ರಿ?"

ಕೀಲಿಕೈ ಜೇಬಿನಲ್ಲಿತ್ತು. ಬೀರುವಿನಲ್ಲಿ ಎರಡು ಬಾಟಲಿಯೂ ಇದ್ದವು. ಕೈ ಜೇಬಿನೊಳಗೆ ಹೋಯಿತು, ಹಾಗೇ ನಿಂತಿತು. ತೆಗೆದುಬಿಡಬೇಕಿತ್ತೋ ಏನೋ. ಅಷ್ಟರಲ್ಲಿ ಆಂಬುಲೆನ್ಸ್ ಬಂತು, ಮಾತು ಬಿದ್ದುಹೋದ ಒಬ್ಬ ಅಂಗಡಿಯವನನ್ನು ತಳ್ಳಿಕೊಂಡು ಬಂದರು. ಒಂದು ಬಾಟಲಿ ಒಡೆದೆ, ಅವನಿಗೆ. ಅವನ ಹೆಂಡತಿ ಮಂಗಳಸೂತ್ರ ಕಣ್ಣಿಗೊತ್ತಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ರವಿಕಿರಣ್ ಅದನ್ನೆಲ್ಲ ನೋಡಿದ. ಆಮೇಲೆ ಹೊರಟುಹೋದ. ಅವನು ಇನ್ನೂ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ನನ್ನ ತಾಯಿ ಆಗಿದ್ದರೆ? ಆವತ್ತು ವಿಘ್ನೇಶ್ ಕೇಳಿದಾಗ ಒಡೆಯಪ್ಪಾ ಎನ್ನುತ್ತಿದ್ದೆ. ಯೋಚನೆಯನ್ನೂ ಮಾಡುತ್ತಿರಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಡೈ ಬಂತು. ಬೆಳಿಗ್ಗೆ ಎಂಟಕ್ಕೆಲ್ಲ ಪೆಟ್ಟಿಗೆಗಳು ಬಂದು ಕೂತಿದ್ದವು, ಏನೂ ಆಗಿಲ್ಲವೆಂಬಂತೆ. ಸಹಿ ಹಾಕುವ ಮೊದಲೇ ರವಿಕಿರಣನಿಗೆ ಫೋನು ಮಾಡಿದೆ.

ಪುಟ್ಟತಾಯಮ್ಮ ಗಾಲಿಕುರ್ಚಿಯಲ್ಲಿ ಬಂದರು. ನನ್ನನ್ನು ನೋಡಿ ನಕ್ಕರು. "ಏನ್ ಮಗಾ, ನೀನೇ ಬಡವಾಗಿದ್ದೀಯಲ್ಲ? ಹೆಂಡ್ತಿ ಉಣ್ಣಕ್ ಇಕ್ಕಕಿಲ್ವಾ?" ಎಂದರು. ಅವರನ್ನು ನಾನೇ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಅವರಿಗೆಂದೇ ಹೊಸ ಬಾಟಲಿ ಒಡೆದೆ. ಪೂರ್ತಿ ಅಳತೆ. ಮಿಕ್ಕದ್ದು ಏನಾಯಿತೆಂದು ನಾನು ನೋಡಲಿಲ್ಲ, ವಿಘ್ನೇಶ್ ಏನೋ ಮಾಡಿರಬೇಕು.

ಮೈಕಿನಲ್ಲಿ ಉಸಿರು ಹಿಡಿದುಕೊಳ್ಳಿ ಎಂದೆ. ಹಿಡಿದರು. ಚಿತ್ರ ಪರದೆಯ ಮೇಲೆ ಒಂದೊಂದೇ ಪದರವಾಗಿ ಇಳಿಯಿತು. ಇಷ್ಟು ವರ್ಷದಲ್ಲಿ ಇಷ್ಟು ನಿಚ್ಚಳವಾದ ಸ್ಕ್ಯಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಒಂದೊಂದು ನಾಳವೂ ಬೆಳ್ಳಗೆ, ಗರಿಗರಿಯಾಗಿ. ದೊಡ್ಡ ನಾಳವೂ ಹಾಗೇ ಬೆಳ್ಳಗೆ ಬಂತು, ಬಂದು, ನಡುವೆ ನಿಂತುಹೋಯಿತು. ಅಲ್ಲಿಂದಾಚೆಗೆ ಕಪ್ಪು. ಗೆಡ್ಡೆ ನಾಳದೊಳಕ್ಕೆ ನುಗ್ಗಿ ತುಂಬಿಕೊಂಡಿತ್ತು. ಅದನ್ನು ನೋಡಲು ಡಾಕ್ಟರ್ ಆಗಬೇಕಿಲ್ಲ.

ಉಸಿರು ಬಿಡಿ ಎನ್ನುವುದನ್ನು ಮರೆತಿದ್ದೆ. ವಿಘ್ನೇಶ್ ಭುಜ ಮುಟ್ಟಿ, "ಸಾರ್, ಪಾಟ್ಟಿ!" ಎಂದ. ಗಾಜಿನಾಚೆ ಅಜ್ಜಿ ಇನ್ನೂ ಉಸಿರು ಬಿಗಿಹಿಡಿದುಕೊಂಡೇ ಮಲಗಿದ್ದರು, ನಾನು ಹೇಳಲಿ ಎಂದು ಕಾಯುತ್ತ.

ಎದ್ದ ಮೇಲೆ, "ಏನ್ ಕಾಣ್ತಪ್ಪಾ?" ಎಂದರು. ಸ್ಕ್ಯಾನ್ ಮಾಡುವವನು ರೋಗಿಗೆ ಏನೂ ಹೇಳಬಾರದು, ಅದು ನಮ್ಮ ಕೆಲಸದ ಕಟ್ಟುಪಾಡು. ಹೊಸದಾಗಿ ಬಂದವರಿಗೆ ನಾನು ಕಲಿಸುವ ಮೊದಲ ಪಾಠವೇ ಅದು. "ಡಾಕ್ಟ್ರು ಹೇಳ್ತಾರೆ ಅಮ್ಮಾ" ಎಂದೆ. ಇವತ್ತು ಆ ಕಟ್ಟುಪಾಡಿನ ಹಿಂದೆ ಕಳ್ಳನ ಹಾಗೆ ಅವಿತುಕೊಂಡೆ.

ಡಿಸೆಂಬರ್ 8, ಸೋಮವಾರ

ಸರ್ಜನ್ ರೂಮಿಗೆ ನನ್ನನ್ನು ಕರೆಸಿದ್ದು ಅಮ್ಮನೇ. "ಆ ನಮ್ಮುಡ್ಗನ್ನ ಕರೀರಿ, ಅವ್ನು ಯೋಳುದ್ರೆ ನಂಗೆ ತಿಳೀತದೆ" ಎಂದು ಹಟ ಹಿಡಿದರಂತೆ. ಐವತ್ತಾರು ವರ್ಷದ ಹುಡುಗ ಹೋಗಿ ನಿಂತೆ.

ಸರ್ಜನ್ ಅರ್ಧ ಇಂಗ್ಲಿಷ್, ಅರ್ಧ ತಮಿಳಿನಲ್ಲಿ ರವಿಕಿರಣನಿಗೆ ಎಲ್ಲ ಹೇಳಿದರು. ಅಮ್ಮ ಅವರ ಬಾಯಿ ನೋಡಿದರು, ಮಗನ ಬಾಯಿ ನೋಡಿದರು. ರವಿಕಿರಣ್ ಗೋಡೆಯ ಕಡೆ ತಿರುಗಿಕೊಂಡುಬಿಟ್ಟ. "ಸಾರ್, ನೀವೇ ಹೇಳಿಬಿಡಿ, ನನ್ನ ಕೈಲಾಗಲ್ಲ" ಎಂದ. ಸರ್ಜನ್ ಕೂಡ ನನ್ನ ಕಡೆ ನೋಡಿ ತಲೆಯಾಡಿಸಿದರು.

ಅವರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. "ಅಮ್ಮಾ, ಆಪರೇಷನ್ ಮಾಡೋಕಾಗಲ್ವಂತೆ. ಗೆಡ್ಡೆ ದೊಡ್ಡ ರಕ್ತನಾಳಕ್ಕೆ ಹೋಗ್ಬಿಟ್ಟಿದೆ. ನೋವು ಬರದ ಹಾಗೆ ಮಾತ್ರೆ ಕೊಡ್ತಾರಂತೆ" ಎಂದೆ. ನನ್ನ ಬಾಯಿಂದ ಇಷ್ಟು ಸರಾಗವಾಗಿ ಹೇಗೆ ಬಂತೋ.

ಅವರು ಸೆರಗು ಸರಿಮಾಡಿಕೊಂಡರು. ಅಳಲಿಲ್ಲ. "ಮೊದ್ಲು ಒಂದ್ಸಲ ತಗುದ್ಯಲ್ಲ ಮಗಾ ಫೋಟೋ. ಅವಾಗ್ಲೂ ಹೋಗಿತ್ತಾ?" ಎಂದರು.

"ಗೊತ್ತಿಲ್ಲ ಅಮ್ಮಾ. ಆವತ್ತು ಔಷಧಿ ಸಾಲಲಿಲ್ಲ. ಅದಕ್ಕೇ ಏನೂ ಕಾಣಲಿಲ್ಲ."

"ಸೀಸೇಲಿ ಇರ್ನಿಲ್ವಾ?"

ಏನು ಕೇಳುತ್ತಿದ್ದಾರೆ ಎಂದು ಸರ್ಜನ್ ವಿಚಾರಿಸಿದರು. ನಾನು ಅವರಿಗೆ ಹೇಳಲಿಲ್ಲ. ಇರಲಿಲ್ಲ ಎಂದು ಅಮ್ಮನಿಗೆ ಹೇಳಿ ಎದ್ದು ಬರಬಹುದಿತ್ತು. ಹೋಟೆಲಿನಲ್ಲಿ ಅಷ್ಟು ಜನರ ಮುಂದೆ ಸುಲಭವಾಗಿ ಹೇಳಿದವನಿಗೆ ಈ ಒಬ್ಬ ಮುದುಕಿಯ ಮುಂದೆ ನಾಲಿಗೆ ಹೊರಳಲಿಲ್ಲ.

"ಇತ್ತು ಅಮ್ಮಾ. ಇನ್ನೊಂದು ಸೀಸೆ ಇತ್ತು. ಹುಡುಗ ಒಡೀಲಾ ಅಂತ ಕೇಳಿದ. ನಾನೇ ಬೇಡ ಅಂದೆ. ಉಳಿಸೋಣ ಅಂತ."

ರವಿಕಿರಣ್ ತಿರುಗಿದ. ನಾನು ಅವನ ಮುಖ ನೋಡಲಿಲ್ಲ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಅಮ್ಮ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅವರಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. ಮನೆವಾರ್ತೆ ನಡೆಸಿದ ಹೆಂಗಸು ಇನ್ನೊಬ್ಬರ ಅಡುಗೆಮನೆಯ ಸಂಗತಿ ಕೇಳುವ ಹಾಗೆ ನಿಧಾನವಾಗಿ ಕೇಳಿದರು.

"ಉಳ್ಸೋದು ಒಳ್ಳೇದೇ ಕಣಪ್ಪಾ. ಯಾರ್ಗಾಯ್ತು ಆ ಸೀಸೆ?"

ನೆನಪು ಮಾಡಿಕೊಳ್ಳಲು ನೋಡಿದೆ. ಅದರ ಮರುದಿನ ಶನಿವಾರ, ಆಮೇಲೆ ವ್ಯಾನು ಮಗುಚಿದ ಭಾನುವಾರ. ಭಾನುವಾರ ನನಗೆ ರಜೆ, ಮನೆಯಲ್ಲಿ ಮಲಗಿದ್ದೆ. ಒಂದು ಹೆಸರು, ಒಂದು ಮುಖ ಬರಲಿಲ್ಲ.

"ಯಾರಿಗೋ ಆಯ್ತು ಅಮ್ಮಾ" ಎಂದೆ.

"ಅವ್ರು ಚೆನ್ನಾಗವ್ರಾ?"

ಅದೂ ನನಗೆ ಗೊತ್ತಿರಲಿಲ್ಲ.